ಪ್ಲೇಟಿನ ಮೇಲೆ ಇನ್ನೂರ ಎಂಬತ್ತು

ನನ್ನ ಮೊಮ್ಮಗಳು ಸಿಂಚನಳ ಕೈಗೆ ಬೀಗದ ಕೈ ಬಂತು! ಮನೆಯದಲ್ಲ, ಬೀರುವಿನದೂ ಅಲ್ಲ. ಜಪಾನ್ ದೇಶದ ಒಂದು ಗ್ಯಾರೇಜಿನಲ್ಲಿ ಹಳೆಯ ಕಾರುಗಳ ಎಂಜಿನ್ ಬಲವನ್ನು ಅಳೆಯುವ ಕೋಣೆಯ ಬೀಗದ ಕೈ. ಇನ್ನು ಮೇಲೆ ಆ ಕೋಣೆಗೆ ಬಂದ ಕಾರಿನಲ್ಲಿ ನಿಜವಾಗಿ ಎಷ್ಟು ಹಾರ್ಸ್ ಪವರ್ ಇದೆಯೆಂದು ಬರೆದು ಸಹಿ ಹಾಕುವವಳು ನಮ್ಮ ಅಜ್ಜಂಪುರದ ಹುಡುಗಿ. ಅವಳ ಸಹಿ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ನಾನು ಅಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದೆ, ಖುಷಿಗೆ ಒಬ್ಬ ಜಪಾನಿ ಕ್ಷೌರಿಕರ ಎರಡೂ ಕೈ ಹಿಡಿದು ಕುಣಿದೆ. ಆ ಬೀಗದ ಕೈ ನನ್ನಿಂದಲೇ ತಪ್ಪಿ ಹೋಗುವುದರಲ್ಲಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಎಲ್ಲ ಹೇಳುತ್ತೇನೆ, ಸ್ವಲ್ಪ ಉಸಿರು ತೆಗೆದುಕೊಳ್ಳುತ್ತೇನೆ.

ಗಿರಣಿಗೆ ಬೀಗ

ಅಜ್ಜಂಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಿಕ್ಕಿದ್ದೆಲ್ಲ ಗಿರಣಿಯಲ್ಲೇ ಕಲಿತದ್ದು. ಸಿಂಚನ ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಯಜಮಾನರು ತರೀಕೆರೆಯ ಒಂದು ಅಂಗಡಿಯಿಂದ ಮೋಟಾರು ತಂದರು. ಅದಕ್ಕೆ ಅಂಟಿಸಿದ ಪ್ಲೇಟಿನ ಮೇಲೆ ಹತ್ತು ಎಚ್.ಪಿ. ಎಂದಿತ್ತು. ಯಜಮಾನರು ಆ ಪ್ಲೇಟಿಗೇ ಹೂವಿನ ಹಾರ ಹಾಕಿದರು. ನಾನು ಒಂದು ವಾರ ಬೀಸಿ ನೋಡಿದೆ. ಕಡೂರಿನಲ್ಲಿ ನಮ್ಮ ಬೀಗರಿಗೂ ಒಂದು ಗಿರಣಿಯಿದೆ, ಅಲ್ಲಿರುವುದು ಏಳೂವರೆ ಎಚ್.ಪಿ. ಮೋಟಾರು. ಅದು ಒಂದು ಮೂಟೆ ರಾಗಿ ಬೀಸುವ ಹೊತ್ತಿಗೆ ನಮ್ಮ ಹತ್ತೂ ಒಂದೇ ಮೂಟೆ ಬೀಸುತ್ತಿತ್ತು. ಮೊಮ್ಮಗಳ ಕೈ ಹಿಡಿದುಕೊಂಡು ತರೀಕೆರೆ ಬಸ್ಸು ಹತ್ತಿದೆ.

"ಪ್ಲೇಟ್ ಮೇಲೆ ಹತ್ತು ಅಂತ ಐತಲ್ಲಮ್ಮ" ಎಂದ ಅಂಗಡಿಯವನು.

"ಐತೆ ಕಣಪ್ಪ. ಆದ್ರೆ ನಾನು ರಾಗೀನ ಪ್ಲೇಟ್ ಮೇಲೆ ಬೀಸಲ್ವಲ್ಲ!"

ಅಂಗಡಿಯಲ್ಲಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ಅವನು ಮೋಟಾರು ಬದಲಾಯಿಸಿ ಕೊಟ್ಟ. ವಾಪಸ್ ಬರುವಾಗ ಬಸ್ಸಿನಲ್ಲಿ ಈ ಪುಟ್ಟಿ ಕೇಳಿದಳು: "ಅಜ್ಜಿ, ಪ್ಲೇಟ್ ಯಾಕೆ ಸುಳ್ಳು ಹೇಳುತ್ತೆ?"

"ಪ್ಲೇಟ್‌ಗೆ ಬಾಯಿ ಎಲ್ಲೈತೆ ಮಗಾ? ಬರ್ಸಿದೋರು ಹೇಳ್ತಾರೆ. ನಾವು ಬೀಸಿ ನೋಡ್ಬೇಕು."

ಬೀಸಿ ನೋಡುವ ಆ ಹುಚ್ಚು ಅವಳಿಗೆ ಅಂಟಿದ್ದು ಅವತ್ತೇ. ಆಟೊಮೊಬೈಲ್ ಡಿಪ್ಲೊಮಾ ಮಾಡಿದಳು. ಜಪಾನಿ ಭಾಷೆ ಕಲಿತಳು. ಐದು ವರ್ಷದಿಂದ ಅಲ್ಲಿ ಮೊರಿತಾ ಎನ್ನುವ ಮುದುಕರ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮೈಕೈಯೆಲ್ಲ ಗ್ರೀಸು, ಆದರೂ ವಿಡಿಯೋ ಕಾಲ್ ಮಾಡಿದರೆ ಮುಖ ಮಾತ್ರ ಹಬ್ಬದ ದಿನದ ಹಾಗೆ. ಹೋದ ತಿಂಗಳು ಫೋನ್ ಮಾಡಿ, "ಅಜ್ಜಿ, ನನ್ ಪರೀಕ್ಷೆ ಐತೆ. ನೀವೆಲ್ಲ ಬರ್ಲೇಬೇಕು" ಎಂದಳು. ಯಜಮಾನರು ತೀರಿಕೊಂಡ ಮೇಲೆ ನಮ್ಮದು ಇರುವುದೇ ನಾಲ್ಕು ಜನದ ಸಂಸಾರ: ನಾನು, ಮಗ ಮಲ್ಲೇಶ, ಸೊಸೆ ಸರೋಜ, ಸಿಂಚನ. ಗಿರಣಿಗೆ ಹತ್ತು ದಿನ ಬೀಗ ಹಾಕಿದೆವು. ನನ್ನ ಕಾಲದಲ್ಲಿ ಅದು ಮೊದಲ ಸಲ. ಬೀಗ ಹಾಕಿದ ಮೇಲೂ ಮಲ್ಲೇಶ ಮೂರು ಸಲ ಎಳೆದು ನೋಡಿದ.

ಕಡೂರಿನ ಕೊಬ್ಬರಿ

ಕಡೂರು ಸ್ಟೇಷನ್ನಿನಲ್ಲಿ ರೈಲು ಹತ್ತುವ ಮುಂಚೆ ಸರೋಜನ ತವರಿನವರು ಒಂದು ಚೀಲ ಕೊಬ್ಬರಿ, ಒಂದು ಬಾಟಲಿ ತೆಂಗಿನೆಣ್ಣೆ ತಂದುಕೊಟ್ಟರು. ಅವರದೇ ತೋಟದ್ದು. ವಿಮಾನದ ಸ್ಟೇಷನ್ನಿನಲ್ಲಿ ಒಬ್ಬ ಹುಡುಗಿ ನಮ್ಮ ಪೆಟ್ಟಿಗೆ ತೆಗೆಸಿ ಕೊಬ್ಬರಿಯನ್ನೆಲ್ಲ ಹೊರಗಿಟ್ಟಳು. ಕೊಬ್ಬರಿ ಒಳಗೊಳಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದಂತೆ, ವಿಮಾನಕ್ಕೆ ಅಪಾಯವಂತೆ.

"ಅಲ್ಲಮ್ಮ, ನಮ್ಮ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತೆ, ಒಂದು ದಿನಾನೂ ಬೀಡಿಯಷ್ಟೂ ಹತ್ತಿಲ್ಲ" ಎಂದೆ.

"ರೂಲ್ಸ್ ಅಜ್ಜಿ" ಎಂದು ನಕ್ಕಳು. ಎಣ್ಣೆಯ ಬಾಟಲಿಯನ್ನು ಮಾತ್ರ ತಿರುಗಿಸಿ ನೋಡಿ ಪೆಟ್ಟಿಗೆಯೊಳಗೇ ವಾಪಸ್ ಇಟ್ಟಳು. ಅಪಾಯ ಅಂತ ಇದ್ದದ್ದು ಆ ಬಾಟಲಿಯಲ್ಲೇ. ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಗೋಯಾದಿಂದ ಆಚೆ

ನಗೋಯಾ ಎನ್ನುವ ಊರಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ. ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಸಾವಿನ ಮನೆಯೇನೋ ಎಂದುಕೊಂಡರೆ ಎಲ್ಲರ ಮುಖವೂ ಚೆನ್ನಾಗಿಯೇ ಇದೆ. ಆ ಹೊತ್ತಿಗೆ ಮಲ್ಲೇಶನ ಫೋನು ಬಡಿದುಕೊಂಡಿತು. ಊರಿನಿಂದ ಯಾರೋ ಹಿಟ್ಟಿಗೆ ಬಂದಿದ್ದಾರೆ. "ಬೀಗ ಹಾಕೈತೆ ಕಣೋ! ಜಪಾನಲ್ಲಿದೀನಿ ಕಣೋ! ಜ-ಪಾ-ನು!" ಎಂದು ಅವನು ಕೂಗಿದ್ದಕ್ಕೆ ಇಡೀ ಬೋಗಿ ತಲೆ ತಗ್ಗಿಸಿ ತನ್ನ ತನ್ನ ಚಪ್ಪಲಿ ನೋಡಿಕೊಂಡಿತು. ನಮ್ಮಲ್ಲಾದರೆ ಎದುರು ಸೀಟಿನವರು, "ಜಪಾನಲ್ಲಿ ಮಳೆ ಹೆಂಗೈತೆ ಕೇಳ್ರೀ" ಎನ್ನುತ್ತಿದ್ದರು.

ಟ್ಯಾಕ್ಸಿ ಬಂತು. ಅದರ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಮಲ್ಲೇಶನಿಗೆ ಅದು ತಿಳಿಯದೆ ಹಿಡಿದು ಜಗ್ಗಿದ. ಒಳಗಿದ್ದ ಬಿಳಿ ಗ್ಲೌಸಿನ ಡ್ರೈವರ್ ತನ್ನ ಹಲ್ಲನ್ನೇ ಕಿತ್ತ ಹಾಗೆ ನೋಡಿದ. ನಾನು ಬಾಗಿಲಿಗೆ ಕೈಮುಗಿದೆ, ಅವನ ಮುಖ ಅರಳಿತು.

ಗ್ಯಾರೇಜಿನ ಬಾಗಿಲಲ್ಲಿ ಸಿಂಚನ ನಿಂತಿದ್ದಳು. ನೀಲಿ ಬಟ್ಟೆ, ಕಟ್ಟಿದ ಕೂದಲು, ಕೆನ್ನೆಯ ಮೇಲೊಂದು ಕಪ್ಪು ಗೀಟು. ಅಪ್ಪಿಕೊಂಡೆ. ಕಣ್ಣು ತುಂಬಿ ಬಂತು, ಮೂಗಿಗೆ ಪೆಟ್ರೋಲು ಬಂತು.

ಒಳಗೆ ನೆಲ ಎಷ್ಟು ಶುಭ್ರವಾಗಿತ್ತೆಂದರೆ ನಾನು ಚಪ್ಪಲಿ ಬಿಟ್ಟೇ ಹೋದೆ. ಮೊರಿತಾ ಅವರು ಓಡಿಬಂದು ಒಂದು ಜೊತೆ ಚಪ್ಪಲಿ ನನ್ನ ಕಾಲ ಬಳಿ ಇಟ್ಟು ಬಗ್ಗಿದರು. ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. ನಾನೂ ಮತ್ತೆ. "ಅಜ್ಜಿ, ಸಾಕು ನಿಲ್ಸು, ನೀನು ನಿಲ್ಲಿಸ್ದೆ ಅವರು ನಿಲ್ಲಿಸಲ್ಲ" ಎಂದು ಸಿಂಚನ ನನ್ನ ಹೆಗಲು ಹಿಡಿದಳು.

ಇರುವುದಕ್ಕಿಂತ ಕಡಿಮೆ

ಪರೀಕ್ಷೆಯ ಕಾರು ಮೂವತ್ತು ವರ್ಷ ದಾಟಿದ್ದು, ಬಿಳಿಯದು, ತಗ್ಗು ಮೂಗಿನದು. ಅದರ ಯಜಮಾನರು ಹಮಾದಾ ಎನ್ನುವ ಕ್ಷೌರಿಕರು. ವಯಸ್ಸಿನಲ್ಲಿದ್ದಾಗ ಕೊಂಡಿದ್ದನ್ನು ಇವತ್ತಿಗೂ ಮಗುವಿನ ತಲೆ ಒರೆಸಿದ ಹಾಗೆ ಒರೆಸುತ್ತಾರೆ. ಅದಕ್ಕೆ ಟರ್ಬೊ ಇದೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಸಿಂಚನ ಹೇಳಿದಳು: "ಒಲೆ ಊದಕ್ಕೆ ಊದುಗೊಳವೆ ಇಟ್ಕೊಂಡಿದೀಯಲ್ಲ ಅಜ್ಜಿ, ಹಂಗೇ ಇದು. ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗ್ತಾ ಒಂದು ಫ್ಯಾನ್ ತಿರುಗ್ಸುತ್ತೆ. ಆ ಫ್ಯಾನು ಎಂಜಿನ್‌ಗೇ ಗಾಳಿ ಊದುತ್ತೆ."

"ಅಂದ್ರೆ ಒಲೆ ಹೊಗೆನೇ ಒಲೆ ಊದುತ್ತೆ ಅನ್ನು! ಇಷ್ಟು ದಿನ ಊದೂದಿ ನನ್ ಕಣ್ಣು ಹೋಯ್ತಲ್ಲೇ!"

ಆ ಕಾರು ಹೊಸದಾಗಿದ್ದಾಗ ಕಂಪನಿಯವರು ಕೊಟ್ಟ ಕಾಗದದಲ್ಲಿ ಇನ್ನೂರ ಎಂಬತ್ತು ಹಾರ್ಸ್ ಪವರ್ ಎಂದಿದೆ. ನಾನು ಮೂಗು ಮುರಿದೆ. "ಇನ್ನೂರಕ್ಕೆ ಒಂದೆರಡು ಕಮ್ಮಿನೇ ಇರುತ್ತೆ ಬಿಡು. ತರೀಕೆರೆ ಅಂಗಡಿ ನಾನು ಕಂಡಿಲ್ವಾ" ಎಂದೆ.

"ಇಲ್ಲಜ್ಜಿ, ಇಲ್ಲಿ ಉಲ್ಟಾ!" ಎಂದಳು. ಆಗಿನ ಕಾಲಕ್ಕೆ ಇಲ್ಲಿನ ಕಾರು ಕಂಪನಿಗಳೆಲ್ಲ ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದವಂತೆ. ಬಲದ ಪೈಪೋಟಿ ಜಾಸ್ತಿಯಾದರೆ ರಸ್ತೆಯಲ್ಲಿ ಜನ ಸಾಯುತ್ತಾರೆ, ಆದ್ದರಿಂದ ಇನ್ನೂರ ಎಂಬತ್ತಕ್ಕಿಂತ ಮೇಲೆ ಯಾರೂ ಹೇಳುವುದು ಬೇಡ ಎಂದು. ಕಾನೂನಲ್ಲ, ಬರೀ ಮಾತು. ಆದರೆ ಎಂಜಿನ್ ಮಾಡುವವರ ಕೈ ಸುಮ್ಮನಿರುತ್ತದೆಯೇ? ಒಳಗೆ ಬಲ ಏರುತ್ತಲೇ ಹೋಯಿತು, ಕಾಗದದ ಮೇಲೆ ಮಾತ್ರ ಇನ್ನೂರ ಎಂಬತ್ತೇ ನಿಂತಿತು.

ಸರೋಜ ಚಪ್ಪಾಳೆ ತಟ್ಟಿದಳು. "ಅಯ್ಯೋ, ನಮ್ಮಪ್ಪನ ತೋಟದ ಪಂಪ್‌ಸೆಟ್ ಕಣೇ ಇದು! ಕರೆಂಟ್ ಆಫೀಸಿನ ಕಾಗದದಲ್ಲಿ ಐದು, ಬಾವಿ ಹತ್ರ ಏಳೂವರೆ!"

"ಅಮ್ಮ, ಮೆಲ್ಲಗೆ" ಎಂದಳು ಸಿಂಚನ, ಆ ಗ್ಯಾರೇಜಿನಲ್ಲಿ ಕನ್ನಡ ಬಲ್ಲ ಕರೆಂಟಿನವರು ಯಾರೋ ಅಡಗಿರುವ ಹಾಗೆ.

ಪರೀಕ್ಷೆ ಇದು: ಸಿಂಚನ ಒಬ್ಬಳೇ ಆ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸದಾಗಿದ್ದಾಗ ಹೇಗಿತ್ತೋ ಹಾಗೇ ಜೋಡಿಸಿದ್ದಾಳೆ. ಅದರ ನಿಜವಾದ ಬಲ ಎಷ್ಟು ಬರುತ್ತದೆಂದು ಮೊದಲೇ ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದಾಳೆ. ಆಮೇಲೆ ಕಾರನ್ನು ಆ ಕೋಣೆಯೊಳಗೆ ಕಟ್ಟಿ ಓಡಿಸಿ ಅಳೆಯುವುದು. ಚೀಟಿಗೂ ಅಳತೆಗೂ ಐದರೊಳಗೆ ವ್ಯತ್ಯಾಸ ಬಂದರೆ ಕೋಣೆಯ ಬೀಗದ ಕೈ ಅವಳದು. ಹೆಚ್ಚಾದರೆ ಇನ್ನೆರಡು ವರ್ಷ ಸ್ಪ್ಯಾನರ್ ಹಿಡಿಯಬೇಕು. ಮೊರಿತಾ ಅವರಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ. ಅಷ್ಟು ವರ್ಷ ತಾನು ಕಾಯುತ್ತೇನೋ ಇಲ್ಲವೋ ಎಂದೂ ಹೇಳಿದ್ದರಂತೆ. ಈ ಮಾತು ಹೇಳುವಾಗ ಮಾತ್ರ ಸಿಂಚನಳ ಮುಖದಲ್ಲಿ ಹಬ್ಬ ಇರಲಿಲ್ಲ.

ಕೋಣೆಯನ್ನೂ ತೋರಿಸಿದಳು. ನೆಲದೊಳಗೆ ದಪ್ಪದ ಕಬ್ಬಿಣದ ಉರುಳೆಗಳು. ಅವುಗಳ ಮೇಲೆ ಕಾರಿನ ಹಿಂದಿನ ಚಕ್ರ ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಓಡಿಸುತ್ತಾರೆ. ಕಾರು ನಿಂತಲ್ಲೇ ನಿಲ್ಲುತ್ತದೆ, ಉರುಳೆ ತಿರುಗುತ್ತದೆ. ಅದನ್ನು ಎಷ್ಟು ಬಲವಾಗಿ ತಿರುಗಿಸಿತು ಎಂಬುದರ ಮೇಲೆ ಲೆಕ್ಕ. ಎಂಜಿನ್ನಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ದಾರಿಯಲ್ಲಿ ಒಂದಿಷ್ಟು ತಿಂದುಹೋಗುತ್ತದೆ, ಅದನ್ನೂ ಆ ಯಂತ್ರವೇ ಕೂಡಿಸಿ ಹೇಳುತ್ತದೆ. ಮೋಟಾರಿನಿಂದ ಕಲ್ಲಿಗೆ ಬರುವಷ್ಟರಲ್ಲಿ ಬೆಲ್ಟು ತಿನ್ನುವುದಿಲ್ಲವೇ, ಹಾಗೆ. ಇಲ್ಲಿ ಬೀಸುವುದಕ್ಕೆ ರಾಗಿಯೊಂದಿಲ್ಲ, ಮಿಕ್ಕಿದ್ದೆಲ್ಲ ನಮ್ಮ ಗಿರಣಿಯೇ!

ಮೂರನೆಯ ದಿನ, ಬೆಳಿಗ್ಗೆ

ನಾವು ಮಲಗಿದ್ದು ಗ್ಯಾರೇಜಿನ ಮೇಲಿನ ಮನೆಯಲ್ಲಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಕೆಳಗೆ ಇಳಿದೆ. ಸಿಂಚನ, ಮೊರಿತಾ ಇಬ್ಬರೂ ಕಾರು ತರಲು ಹಮಾದಾ ಅವರ ಮನೆಗೆ ಹೋಗಿದ್ದರು. ಕೋಣೆ ತೆರೆದಿತ್ತು.

ನಮ್ಮ ಗಿರಣಿಯಲ್ಲಿ ಒಂದು ಪದ್ಧತಿ. ದೊಡ್ಡ ಕೆಲಸಕ್ಕೆ ಮುಂಚೆ ಯಂತ್ರವನ್ನೆಲ್ಲ ಒರೆಸಿ, ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರಿ, ಮೂರೆಳೆ ವಿಭೂತಿ ಎಳೆದು ಕೈಮುಗಿಯುವುದು. ಅತ್ತೆಯ ಕಾಲದಿಂದ ಬಂದದ್ದು. ನನ್ನ ಮೊಮ್ಮಗಳ ಪರೀಕ್ಷೆಗಿಂತ ದೊಡ್ಡ ಕೆಲಸ ಯಾವುದಿದೆ? ತೆಂಗಿನೆಣ್ಣೆ ಬಾಟಲಿ ತಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಉರುಳೆಗಳಿಗೆ ಚೆನ್ನಾಗಿ, ಪ್ರೀತಿಯಿಂದ, ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ತಿಕ್ಕಿದೆ. ಮಿರಮಿರ ಮಿಂಚಿದವು. ಮೂರೆಳೆ ಎಳೆದೆ. "ನನ್ ಮಗೂನ ಕಾಪಾಡಪ್ಪ" ಎಂದು ಮೇಲೆ ಹೋಗಿ ಕಾಫಿ ಕುಡಿದೆ.

ಗಿರಣಿ ನಡೆಸಿದವಳು ನಾನು! ಬೆಲ್ಟಿನ ಹತ್ತಿರ ಒಂದು ತೊಟ್ಟು ಎಣ್ಣೆ ಬಿದ್ದರೆ ಮಲ್ಲೇಶನಿಗೆ ಮನೆ ಹಾರಿಹೋಗುವ ಹಾಗೆ ಬೈಯುವವಳು ನಾನು!

ಹತ್ತು ಗಂಟೆ

ಕಾರು ಉರುಳೆಗಳ ಮೇಲೆ ಹತ್ತಿತು. ಕೋಣೆಯ ಬೆಳಕು ಮಂದ, ಉರುಳೆ ಇರುವುದು ನೆಲದ ಕೆಳಗೆ, ಯಾರೂ ಗಮನಿಸಲಿಲ್ಲ. ಗಾಜಿನ ಆಚೆ ನಾವು, ಒಳಗೆ ಸಿಂಚನ. ಹಮಾದಾ ಅವರು ನನ್ನ ಪಕ್ಕದಲ್ಲಿ ಟೋಪಿ ತೆಗೆದು ಎದೆಗೆ ಹಿಡಿದು ನಿಂತರು.

ಎಂಜಿನ್ ಗುರುಗುಟ್ಟಿತು, ಏರಿತು. ಟರ್ಬೊ ಶಿಳ್ಳೆ ಹಾಕಿತು. ನನ್ನ ಎದೆಯೊಳಗೆ ಮುನ್ನೂರು ಕುದುರೆ ಓಡಿದವು. ಹಾಗೆ ಏರುತ್ತಿದ್ದದ್ದು ಇದ್ದಕ್ಕಿದ್ದಂತೆ ಕಿರ್ರೋ ಎಂದು ಒದರಿತು. ಪರದೆಯ ಮೇಲಿನ ಗೆರೆ ನಡುಗಿ ಕೆಳಗೆ ಬಿತ್ತು. ಸಿಂಚನ ತಕ್ಷಣ ನಿಲ್ಲಿಸಿದಳು.

ಇನ್ನೂರ ನಲವತ್ತೊಂದು.

ಮೊರಿತಾ ಅವರು ಹಲ್ಲಿನ ಸಂದಿಯಿಂದ ಸ್ಸ್ ಎಂದು ಗಾಳಿ ಎಳೆದುಕೊಂಡರು. ಹಮಾದಾ ಅವರು ಟೋಪಿ ಹಾಕಿಕೊಂಡರು. ಆಮೇಲೆ ಬಾಗಿಲು ತೆರೆದಾಗ ವಾಸನೆ ಬಂತು, ಬೆಚ್ಚಗೆ, ಸಿಹಿಯಾಗಿ. ಮೊರಿತಾ ಅವರು ಮೂಗು ಎತ್ತಿ ಸಿಂಚನಳಿಗೆ ಏನೋ ಹೇಳಿದರು. ಅವಳ ಮುಖ ಹಿಟ್ಟಿನ ಹಾಗೆ ಬಿಳುಚಿತು.

"ಏನಂತೇ ಅವರು?" ಎಂದ ಮಲ್ಲೇಶ.

"ಎಂಜಿನ್ ತಂಪು ಮಾಡೋ ನೀರು ಒಳಗೆ ಸೋರಿದ್ರೆ ಹಿಂಗೇ ಸಿಹಿ ವಾಸ್ನೆ ಬರುತ್ತಪ್ಪ. ಪೂರ್ತಿ ಬಿಚ್ಚಿ ನೋಡ್ಬೇಕಂತೆ. ನಾನು ಜೋಡ್ಸಿದ್ದು ಸರಿಯಿಲ್ಲ ಅಂತ ಆಯ್ತು." ಅವಳು ಆಗಲೇ ಕೈಗೆ ಸ್ಪ್ಯಾನರ್ ತೆಗೆದುಕೊಂಡಿದ್ದಳು.

ಆ ವಾಸನೆ ನನಗೆ ಗೊತ್ತಿಲ್ಲವೇ? ನಲವತ್ತು ವರ್ಷದಿಂದ ನನ್ನ ತಲೆಯಲ್ಲೇ ಇರುವ ವಾಸನೆ! ಕಿರ್ರೋ ಎಂದ ಸದ್ದೂ ಗೊತ್ತು, ಬೆಲ್ಟು ಜಾರುವ ಸದ್ದು. ಹೇಳಿದರೆ ಪರದೇಶದಲ್ಲಿ, ಅವಳ ಗುರುಗಳ ಎದುರು, ನನ್ನ ಮೊಮ್ಮಗಳ ಮಾನ ಹೋಗುತ್ತದೆ. ಹೇಳದಿದ್ದರೆ ಎಂಜಿನ್ ಬಿಚ್ಚುತ್ತಾಳೆ, ಅವಳ ಎರಡು ವರ್ಷ ಹೋಗುತ್ತದೆ.

"ಸ್ಪ್ಯಾನರ್ ಕೆಳಗಿಡೇ!" ಎಂದು ಕೂಗಿದೆ. "ಎಂಜಿನ್ ಮುಟ್ಬೇಡ. ಅದು ನೀರಲ್ಲ ಕಣೇ, ಎಣ್ಣೆ. ನಿಮ್ ಕಡೂರು ತಾತನ ತೋಟದ್ದು. ಉರುಳೆಗೆ ನಾನೇ ಹಚ್ದೆ."

ಎಲ್ಲರೂ ನನ್ನನ್ನು ನೋಡಿದರು.

"ಅತ್ತೇ!" ಎಂದಳು ಸರೋಜ.

"ಅವ್ವಾ! ಬೆಲ್ಟ್ ಹತ್ರ ಎಣ್ಣೆ ತಂದ್ರೆ ಕೈ ಮುರೀತೀನಿ ಅಂತಿದ್ದೋಳು ನೀನಲ್ವಾ?" ಎಂದ ಮಲ್ಲೇಶ. ಇಷ್ಟು ವರ್ಷದ ಬೈಗುಳಕ್ಕೆ ಅವನಿಗೆ ಅವತ್ತು ಬಡ್ಡಿ ಸಮೇತ ಸಿಕ್ಕಿತು.

"ಪೂಜೆಗೆ ಕಣೋ! ಪೂಜೆ ಮಾಡೋವಾಗ ಬುದ್ಧಿ ಎಲ್ಲಿರುತ್ತೆ?"

ಸಿಂಚನ ಉರುಳೆಯ ಮೇಲೆ ಬೆರಳಾಡಿಸಿದಳು. ಬೆರಳು ಜಾರಿತು, ಅದಕ್ಕೆ ವಿಭೂತಿಯೂ ಅಂಟಿಕೊಂಡು ಬಂತು. ಅಳಬೇಕೋ ನಗಬೇಕೋ ತಿಳಿಯದೆ ಮೊರಿತಾ ಅವರಿಗೆ ಎಲ್ಲ ಬಿಡಿಸಿ ಹೇಳಿದಳು. ಅವರು ನಗಲಿಲ್ಲ. ಮೊದಲು ಕಾರು ಬಿಗಿದ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು. ಆಮೇಲೆ ನನ್ನ ಕೈ ಹಿಡಿದು ಮೂಲೆಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದರು. ಗೋಡೆಯ ಎತ್ತರದಲ್ಲಿ ಮರದ ಪುಟ್ಟ ದೇವರ ಗೂಡು. ಅದರ ಮುಂದೆ ಒಂದು ಚಿಟಿಕೆ ಉಪ್ಪು, ಒಂದು ಬಟ್ಟಲು ನೀರು. ಅವರೂ ಪ್ರತಿ ದಿನ ಇಡುತ್ತಾರಂತೆ. ಏನೋ ಹೇಳಿದರು.

"ದೇವರಿಗೆ ಎಣ್ಣೆ ಇಲ್ಲಿಡಿ ಅಜ್ಜಿ, ಚಕ್ರಕ್ಕೆ ಬೇಡ ಅಂತಿದಾರೆ" ಎಂದಳು ಸಿಂಚನ. ಆಗ ಮೊರಿತಾ ಅವರೂ ನಕ್ಕರು. ನಕ್ಕರೆ ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗುತ್ತದೆ.

ಉರುಳೆ, ಟೈರು ಎಲ್ಲ ಮೂರು ಮೂರು ಸಲ ಒರೆಸಿದರು. ಮಲ್ಲೇಶನೂ ತೋಳು ಮಡಿಸಿ ಸೇರಿದ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಎಣ್ಣೆಯ ಬಾಟಲಿಯನ್ನು ಸರೋಜ ತನ್ನ ಕಂಕುಳಲ್ಲಿ ಬಿಗಿದುಕೊಂಡಳು.

ಮತ್ತೆ ಓಡಿಸಿದರು. ಈ ಸಲ ಸದ್ದು ಒಂದೇ ಎಳೆಯಲ್ಲಿ ಏರಿತು. ಕಿರ್ರೋ ಇಲ್ಲ. ಹಸನಾದ ರಾಗಿ ಕಲ್ಲಿಗೆ ಬೀಳುವಾಗ ಬರುವ ತುಂಬಿದ ಸದ್ದು, ಅದರದೇ ಸಾವಿರ ಪಟ್ಟು. ಮುನ್ನೂರ ಹನ್ನೊಂದು! ಎಂಜಿನ್ ತಣಿಸಿ ಮೂರನೆಯ ಸಲ. ಮುನ್ನೂರ ಹದಿಮೂರು!

ಮೊರಿತಾ ಅವರು ಲಕೋಟೆ ಹರಿದರು. ಚೀಟಿಯನ್ನು ಕಣ್ಣಿಂದ ದೂರ ಹಿಡಿದು ನೋಡಿದರು. ಅದನ್ನು ಹಮಾದಾ ಅವರ ಕೈಗೆ ಕೊಟ್ಟರು. ಅವರು ಅದನ್ನು ನೋಡಿ ನನ್ನ ಕಡೆ ತಿರುಗಿಸಿ ಹಿಡಿದರು. ಅವರ ಅಕ್ಷರ ಬಾರದಿದ್ದರೇನು, ಅಂಕಿ ನನಗೂ ಬರುತ್ತದಲ್ಲ.

ಮುನ್ನೂರ ಹದಿನಾಲ್ಕು.

ನಾನು ಹಮಾದಾ ಅವರ ಕೈ ಹಿಡಿದು ಕುಣಿದದ್ದು ಆಗಲೇ. ಅವರೂ ಕುಣಿದರು. "ಮೂವತ್ತು ವರ್ಷ ಇನ್ನೂರ ಎಂಬತ್ತು ಅಂತ ನಂಬಿದ್ದೆ! ನನ್ನ ಕಾರು ಒಂದು ದಿನವೂ ಜಂಬ ಪಡಲಿಲ್ಲ!" ಎಂದರಂತೆ. ಅವರ ಕಣ್ಣಲ್ಲಿ ನೀರು.

ಮೊರಿತಾ ಅವರು ಅಳತೆಯ ಕಾಗದ ತೆಗೆದು ಮೂರು ಸಲದ ಅಂಕಿಯನ್ನೂ ಬರೆದರು. ಆದದ್ದನ್ನು ಆದ ಹಾಗೇ ಬರೆಯಬೇಕೆಂಬುದು ಆ ಕೋಣೆಯ ನಿಯಮ. ಇನ್ನೂರ ನಲವತ್ತೊಂದರ ಮುಂದೆ ಕಾರಣ ಎಂಬ ಜಾಗದಲ್ಲಿ ಒಂದು ಪದ ಬರೆದರು. ಏನದು ಎಂದು ಕೇಳಿದೆ.

ಸಿಂಚನ ಹೊಟ್ಟೆ ಹಿಡಿದುಕೊಂಡಳು. "'ಅಜ್ಜಿ' ಅಂತ ಬರ್ದಿದಾರೆ ಅಜ್ಜಿ!"

ಆಮೇಲೆ ಅವರು ಸೊಂಟದಿಂದ ಬೀಗದ ಕೈ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ಒಂದೇ ಮಾತು ಹೇಳಿದರು. ಅದೇನು ಎಂದರೆ, "ಪರವಾಗಿಲ್ಲ" ಎಂದರಂತೆ.

"ಇಷ್ಟೇನಾ? ಪರವಾಗಿಲ್ಲ ಅಂತೀಯ ಏನಪ್ಪಾ ನೀನು, ನನ್ ಮೊಮ್ಮಗಳನ್ನ?" ಎಂದು ಎದ್ದೆ.

ಸಿಂಚನ ಕಣ್ಣೊರೆಸಿಕೊಳ್ಳುತ್ತ ನನ್ನ ಕೈ ಜಗ್ಗಿದಳು. "ಅಜ್ಜಿ, ಐದು ವರ್ಷದಲ್ಲಿ ಅವರು ಯಾರಿಗೂ ಅಷ್ಟು ಹೇಳಿಲ್ಲ ಕಣಜ್ಜಿ."

ನಾನು ಕೂತೆ. ಈ ದೇಶದಲ್ಲಿ ಮಾತಿನ ಮೇಲೂ ಇನ್ನೂರ ಎಂಬತ್ತರ ಪ್ಲೇಟೇ ಇರುತ್ತದೆ.

ಸಾಯಂಕಾಲ

ಮೇಲಿನ ಮನೆಯಲ್ಲಿ ಅಡುಗೆ. ನಮ್ಮ ಗಿರಣಿಯ ರಾಗಿ ಹಿಟ್ಟು, ಅಲ್ಲಿನ ಯಾವುದೋ ಸೊಪ್ಪಿನ ಬಸ್ಸಾರು. ಸರೋಜ ಮುದ್ದೆ ತಿರುವಲು ಕೋಲಿಲ್ಲದೆ ಗ್ಯಾರೇಜಿನಿಂದ ಹೊಸ ಸುತ್ತಿಗೆಯ ಹಿಡಿಯೊಂದನ್ನು ತರಿಸಿಕೊಂಡಳು. ತಗ್ಗಿನ ಮೇಜಿನ ಸುತ್ತ ನಾವು ನಾಲ್ಕೂ ಜನ, ಜೊತೆಗೆ ಮೊರಿತಾ, ಹಮಾದಾ. ಐದು ವರ್ಷದ ಮೇಲೆ ನಮ್ಮ ಸಂಸಾರ ಒಟ್ಟಿಗೆ ಊಟಕ್ಕೆ ಕೂತದ್ದು. ಬೀಗದ ಕೈ ಮೇಜಿನ ನಡುವೆ, ಉಪ್ಪಿನಕಾಯಿಯ ಪಕ್ಕದಲ್ಲಿ ಇತ್ತು.

ಮೊರಿತಾ ಅವರು ಮುದ್ದೆ ಅಗಿಯತೊಡಗಿದರು. "ಅಗೀಬಾರ್ದು, ನುಂಗ್ಬೇಕು ಅನ್ನು" ಎಂದ ಮಲ್ಲೇಶ. ಅವರು ಗಾಬರಿಯಾದರು. ಅಲ್ಲಿ ಅಕ್ಕಿಯ ಒಂದು ಜಿಗುಟು ಉಂಡೆ ಮಾಡುತ್ತಾರೆ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಚೆನ್ನಾಗಿ ಅಗಿದೇ ತಿನ್ನಿ ಎಂದು ವಯಸ್ಸಾದವರಿಗೆ ದಿನಾ ಹೇಳುತ್ತಾರಂತೆ. ನಾನು ಒಂದು ತುತ್ತು ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಿ ತೋರಿಸಿದೆ. ಇಬ್ಬರು ಮುದುಕರೂ ಕಣ್ಣು ಮುಚ್ಚಿ, ಉಸಿರು ಹಿಡಿದು, ಗುಳುಂ. ಚಪ್ಪಾಳೆ ತಟ್ಟಿದೆವು.

ಸರೋಜ ಬಡಿಸಲು ಬಂದು, "ಅತ್ತೆ, ನಿಮ್ಗೆ ಎಷ್ಟು ಹಾಕ್ಲಿ?" ಎಂದಳು.

ಪರದೇಶ, ಗುರುಗಳು ಎದುರಿಗೆ, ಬೆಳಿಗ್ಗೆ ಮಾಡಿದ ಘನಕಾರ್ಯ ಬೇರೆ. "ನನ್ಗೆ ಒಂದೇ ಸಾಕಮ್ಮ" ಎಂದೆ ಮೆಲ್ಲಗೆ.

ನಾನು ಮೂರನೆಯ ಮುದ್ದೆ ಮುರಿಯುವಾಗ ಸಿಂಚನ ಮೊರಿತಾ ಅವರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಅವರು ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. ಅವಳು ಪಕ್ಕದಲ್ಲಿದ್ದ ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದಳು.

ಅಜ್ಜಿ. ಹೇಳಿದ್ದು: ಒಂದು. ಅಳೆದದ್ದು: ಮೂರು.

"ಅಳತೆ ಇನ್ನೂ ನಿಂತಿಲ್ಲ ಕಣೇ" ಎಂದು ತಟ್ಟೆ ಮುಂದೆ ಚಾಚಿದೆ.